ಐಎಲ್‌ಆರ್ ಹತ್ತು ವರ್ಷವಾದರೆ ಮಕ್ಕಳ ಗತಿ ಏನು? ಪಕ್ಷಗಳನ್ನು ಈ ಲೆಕ್ಕದಲ್ಲಿ ಅಳೆಯಿರಿ

ಬ್ರಿಟನ್ನಿನಲ್ಲಿ ವೀಸಾದ ಮೇಲಿರುವ ಕುಟುಂಬಗಳಿಗೆ ಐಎಲ್‌ಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಗಲು ಕಾಯುವ ಅವಧಿಯನ್ನು ಏರಿಸಲು ಲೇಬರ್ ಸರ್ಕಾರ ಹೊರಟಿದೆ. ಇದು ಮಾತು ತಪ್ಪುವ ಕೆಲಸ. ಏಟು ಬೀಳುವುದು ಮಕ್ಕಳಿಗೆ. ಟೋರಿಗಳಿಗಿಂತ, ಅಂದರೆ ಕನ್ಸರ್ವೇಟಿವ್ ಪಕ್ಷಕ್ಕಿಂತ, ವಾಸಿ ಎಂಬ ಒಂದೇ ಕಾರಣಕ್ಕೆ ನಾವು ಇದನ್ನು ನುಂಗಿಕೊಳ್ಳಬೇಕಿಲ್ಲ.

2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಐಎಲ್‌ಆರ್ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಮಾತು ಬಂತು. ನವೆಂಬರ್ 20ರಂದು ಗೃಹ ಸಚಿವೆ ಶಬಾನಾ ಮಹಮೂದ್ ಪ್ರಸ್ತಾವದ ವಿವರ ಮುಂದಿಟ್ಟರು. ಮೂಲ ಅವಧಿ ಹತ್ತು ವರ್ಷ. ಮೂರು ವರ್ಷ ಸತತವಾಗಿ 50,270 ಪೌಂಡ್ ದುಡಿದವರಿಗೆ ಐದು ವರ್ಷ ಕಡಿತ, 1,25,140 ಪೌಂಡ್ ದುಡಿದವರಿಗೆ ಏಳು ವರ್ಷ ಕಡಿತ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ವೈದ್ಯರು, ನರ್ಸ್‌ಗಳಿಗೆ ಐದು ವರ್ಷವೇ ಸಾಕು. ಆದರೆ ಕೇರ್ ವರ್ಕರ್‌ಗಳಿಗೆ (ವೃದ್ಧರು, ಅಶಕ್ತರ ಆರೈಕೆ ಮಾಡುವವರಿಗೆ) ಹದಿನೈದು. ಈಗಾಗಲೇ ಇಲ್ಲಿದ್ದು ಐಎಲ್‌ಆರ್ ಸಿಗದವರಿಗೂ ಇದು ಅನ್ವಯಿಸುತ್ತದೆ ಎನ್ನುವುದೇ ದೊಡ್ಡ ಅನ್ಯಾಯ. ಐದು ವರ್ಷದ ಭರವಸೆ ನಂಬಿ, ಆರೋಗ್ಯ ಸರ್ಚಾರ್ಜ್ ಎಂದು ವರ್ಷಕ್ಕೆ ತಲಾ 1,035 ಪೌಂಡ್‌ವರೆಗೆ ಕಟ್ಟಿ ಬಂದವರು ಇವರು.

ಐಟಿಯಲ್ಲಿ ಒಳ್ಳೆಯ ಸಂಬಳವಿದೆ, ತಮಗೇನೂ ಆಗುವುದಿಲ್ಲ ಎಂದು ಹಲವರು ನಿಶ್ಚಿಂತೆಯಿಂದಿದ್ದಾರೆ. ಆದರೆ ಪ್ರಸ್ತಾವದಲ್ಲಿ ಗಂಡ ಹೆಂಡತಿಯ ಅರ್ಹತೆಯನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಒಬ್ಬರಿಗೆ ಐದು ವರ್ಷಕ್ಕೆ ಸಿಕ್ಕಿ, ಮನೆ ನೋಡಿಕೊಳ್ಳುವ ಇನ್ನೊಬ್ಬರು ಹತ್ತು ವರ್ಷ ಕಾಯಬೇಕಾಗಬಹುದು. ಈಗಿನ ಕಾನೂನಿನಲ್ಲಿ, ಇಲ್ಲೇ ಹುಟ್ಟಿದ ಮಗುವನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಲು ತಂದೆ ತಾಯಿಯರಲ್ಲಿ ಒಬ್ಬರಿಗೆ ಐಎಲ್‌ಆರ್ ಇದ್ದರೆ ಸಾಕು. ಬೆಂಗಳೂರಿನಲ್ಲಿ ಹುಟ್ಟಿ ಬಂದ ಮಗುವಿಗೆ ಐಎಲ್‌ಆರ್ ಸಿಗಲು ಸಾಮಾನ್ಯವಾಗಿ ಇಬ್ಬರಿಗೂ ಇರಬೇಕು. ಹಾಗಾಗಿ ಒಂದೇ ಮನೆಯಲ್ಲಿ ತಂಗಿ ಬ್ರಿಟಿಷ್, ಅಣ್ಣ ವೀಸಾದವನು ಎಂಬ ಸ್ಥಿತಿ ಬರುತ್ತದೆ.

ಅಣ್ಣನಿಗೆ ಇದರ ಬಿಸಿ ತಟ್ಟುವುದು ಯೂನಿವರ್ಸಿಟಿ ಹೊತ್ತಿಗೆ. ಇಂಗ್ಲೆಂಡಿನಲ್ಲಿ 2025-26ರ ಹೋಮ್ ಶುಲ್ಕ (ಸ್ಥಳೀಯ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕ) 9,535 ಪೌಂಡ್. ವಿದೇಶಿ ವಿದ್ಯಾರ್ಥಿ ಎಂದಾದರೆ ಅದರ ಎರಡು ಮೂರು ಪಟ್ಟು, ಮೇಲಾಗಿ ಸರ್ಕಾರಿ ಸಾಲವೂ ಇಲ್ಲ. ಐಎಲ್‌ಆರ್ ಇಲ್ಲದೆ ದೀರ್ಘ ವಾಸದ ಮೇಲೆ ಹೋಮ್ ಶುಲ್ಕ ಕೇಳಬೇಕಾದರೆ, ಹದಿನೆಂಟು ತುಂಬಿದವರು ಅರ್ಧ ಆಯುಸ್ಸನ್ನು ಇಲ್ಲಿ ಕಳೆದಿರಬೇಕು. ಹತ್ತನೇ ವಯಸ್ಸಿಗೆ ಬಂದವನಿಗೆ ಹದಿನೆಂಟಕ್ಕೆ ಎಂಟೇ ವರ್ಷವಾಗಿರುತ್ತದೆ, ಬೇಕಾದದ್ದು ಒಂಬತ್ತು. ಐದು ವರ್ಷದ ನಿಯಮದಲ್ಲಿ ಅವನು ಹದಿನೈದಕ್ಕೇ ಇದರಿಂದ ಪಾರಾಗುತ್ತಿದ್ದ.

ಇಲ್ಲಿ ಹುಟ್ಟಿದ ಮಗುವಿಗೆ ಇನ್ನೊಂದು ಗಟ್ಟಿ ದಾರಿಯಿದೆ. 1981ರ ಪೌರತ್ವ ಕಾಯ್ದೆಯ ಪ್ರಕಾರ, ಹುಟ್ಟಿದಾಗಿನಿಂದ ಹತ್ತು ವರ್ಷ ಇಲ್ಲೇ ಬೆಳೆದಿದ್ದರೆ ಹೆತ್ತವರ ವೀಸಾ ಯಾವುದೇ ಇರಲಿ, ನೋಂದಣಿ ಮಗುವಿನ ಹಕ್ಕು. ಎಡವುವುದು ಎಲ್ಲಿ ಎಂದರೆ, ಆ ಹತ್ತರಲ್ಲಿ ಪ್ರತಿ ವರ್ಷವೂ ಹೊರಗಿದ್ದ ದಿನಗಳು 90 ದಾಟಬಾರದು. ಮಗುವನ್ನು ಅಜ್ಜಿ ಮನೆಯಲ್ಲಿ ನಾಲ್ಕೈದು ತಿಂಗಳು ಬಿಟ್ಟು ಬರುವ ರೂಢಿ ನಮ್ಮಲ್ಲಿ ಬಹಳ. ಹೆಚ್ಚಾದ ದಿನಗಳನ್ನು ಮನ್ನಿಸುವ ಅಧಿಕಾರ ಗೃಹ ಇಲಾಖೆಗಿದೆ, ಆದರೆ ಅದನ್ನು ನಂಬಿ ಟಿಕೆಟ್ ಮಾಡಬೇಡಿ. ಕೆಂಪು ಪುಸ್ತಕ (ಮಗುವಿನ ಆರೋಗ್ಯ ದಾಖಲೆ), ಜಿಪಿ (ಕುಟುಂಬ ವೈದ್ಯರ) ಪತ್ರ, ನರ್ಸರಿ ಹಾಗೂ ಶಾಲೆಯ ವರದಿ, ಹಳೆಯ ಪಾಸ್‌ಪೋರ್ಟ್ ಎಲ್ಲವನ್ನೂ ವರ್ಷವಾರು ಜೋಡಿಸಿಡಿ.

ಇನ್ನು ಪಕ್ಷಗಳ ವಿಷಯ. ರಿಷಿ ಸುನಕ್ ಪ್ರಧಾನಿಯಾದಾಗ ನಮ್ಮ ಕರ್ನಾಟಕದ ಅಳಿಯ ಎಂದು ಹಿಗ್ಗಿದೆವು. 2024ರಲ್ಲಿ ಆರೋಗ್ಯ ಸರ್ಚಾರ್ಜನ್ನು 624ರಿಂದ 1,035ಕ್ಕೆ, ಸ್ಕಿಲ್ಡ್ ವರ್ಕರ್ ಸಂಬಳದ ಮಿತಿಯನ್ನು 26,200ರಿಂದ 38,700ಕ್ಕೆ ಏರಿಸಿದ್ದು, ಕೇರ್ ವರ್ಕರ್‌ಗಳು ಹೆಂಡತಿ ಮಕ್ಕಳನ್ನು ಕರೆತರದಂತೆ ಮಾಡಿದ್ದು ಅವರ ಸರ್ಕಾರವೇ. ಹತ್ತು ವರ್ಷದ ಐಎಲ್‌ಆರ್ ಮಾತನ್ನು 2025ರ ಫೆಬ್ರುವರಿಯಲ್ಲಿ ಮೊದಲು ಎತ್ತಿದ್ದು ಟೋರಿ ನಾಯಕಿ ಕೆಮಿ ಬೇಡನಾಕ್. ಲೇಬರ್ ಮೂರೇ ತಿಂಗಳಲ್ಲಿ ಅದೇ ಸಂಖ್ಯೆ ಹಿಡಿಯಿತು. ರಿಫಾರ್ಮ್ ಪಕ್ಷವಂತೂ ಐಎಲ್‌ಆರ್ ಅನ್ನೇ ರದ್ದು ಮಾಡುತ್ತೇವೆ, ಈಗಾಗಲೇ ಪಡೆದವರೂ ಐದು ವರ್ಷಕ್ಕೊಮ್ಮೆ ವೀಸಾಕ್ಕೆ ಅರ್ಜಿ ಹಾಕಬೇಕು ಎಂದು 2025ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ತಮಗೆ ಐಎಲ್‌ಆರ್ ಆಗಿದೆ, ಹೊಸಬರನ್ನು ತಡೆದರೆ ಒಳ್ಳೆಯದೇ ಎನ್ನುವ ಗೆಳೆಯರು ಇದನ್ನು ಎರಡು ಸಲ ಓದಲಿ. ಲಂಡನ್ನಿನ ಬಸವಣ್ಣನ ಪ್ರತಿಮೆಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವ ಎಂಪಿಯನ್ನು ಅವರ ಮತದಾನದ ದಾಖಲೆಯಿಂದ ಅಳೆಯಿರಿ.

ವಿರೋಧಿಸಿದರೆ ಫಲವಿಲ್ಲ ಎನ್ನಬೇಡಿ. 2006ರಲ್ಲೂ ಲೇಬರ್ ಸರ್ಕಾರ ಹೈಲಿ ಸ್ಕಿಲ್ಡ್ ಮೈಗ್ರಂಟ್ ಯೋಜನೆಯ (ಎಚ್‌ಎಸ್‌ಎಂಪಿ, ಉನ್ನತ ಕೌಶಲದ ವಲಸಿಗರ ವೀಸಾ) ನಿಯಮಗಳನ್ನು ನಡುವೆಯೇ ಬದಲಿಸಿತ್ತು. ವಲಸಿಗರು ಎಚ್‌ಎಸ್‌ಎಂಪಿ ಫೋರಂ ಕಟ್ಟಿಕೊಂಡು ಹೈಕೋರ್ಟಿಗೆ ಹೋದರು. 2008ರಲ್ಲೂ 2009ರಲ್ಲೂ ತೀರ್ಪು ಅವರ ಪರ ಬಂತು.

ಮತದ ಹಕ್ಕಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಬರುವ ತನಕ ಕಾಯಬೇಕಿಲ್ಲ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮಾನ್ಯ ವೀಸಾ ಇದ್ದು ಇಲ್ಲಿ ವಾಸವಿದ್ದರೆ ಸಂಸತ್ ಚುನಾವಣೆಗೂ ಮತ ಹಾಕಬಹುದು. ಇದರಿಂದ ಭಾರತದ ಪೌರತ್ವಕ್ಕೆ ಧಕ್ಕೆಯಿಲ್ಲ. ಸರ್ಕಾರಿ ಜಾಲತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟರೆ ಐದು ನಿಮಿಷದ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮೊದಲು ನೋಂದಣಿ ಮುಗಿಯುತ್ತದೆ. ಮನೆ ಬದಲಿಸಿದರೆ ಮತ್ತೆ ನೋಂದಾಯಿಸಬೇಕು, ಬಾಡಿಗೆ ಮನೆಯವರು ತಪ್ಪುವುದು ಇಲ್ಲೇ. ಮತಗಟ್ಟೆಗೆ ಭಾರತದ ಪಾಸ್‌ಪೋರ್ಟೇ ಸಾಕು. ಫೋನಿನಲ್ಲಿ ಇ-ವೀಸಾ ತೋರಿಸಿದರೆ ನಡೆಯುವುದಿಲ್ಲ. ಒಂದೊಂದು ಮತವೂ ಮುಖ್ಯ: 2024ರಲ್ಲಿ ಲಂಡನ್ನಿನ ಹೆಂಡನ್ ಕ್ಷೇತ್ರವನ್ನು ಲೇಬರ್ ಗೆದ್ದದ್ದು 15 ಮತಗಳಿಂದ.

ಎಂಪಿಗೆ ಬರೆಯುವಾಗ ಪೂರ್ಣ ವಿಳಾಸ, ಪೋಸ್ಟ್‌ಕೋಡ್ ಹಾಕಿ. ತಮ್ಮ ಕ್ಷೇತ್ರದವರಲ್ಲದಿದ್ದರೆ ಅವರು ಉತ್ತರಿಸುವುದಿಲ್ಲ. ಸಿದ್ಧ ಮಾದರಿ ಪತ್ರವನ್ನು ನಕಲು ಮಾಡಿದರೆ ಸಿದ್ಧ ಉತ್ತರವೇ ಬರುತ್ತದೆ. ಒಂದು ಪುಟ ಸಾಕು: ಬಂದ ವರ್ಷ, ವೀಸಾ ಬಗೆ, ಮಕ್ಕಳ ವಯಸ್ಸು, ಹತ್ತು ವರ್ಷವಾದರೆ ಯಾವ ಮಗು ಯಾವ ವರ್ಷ ಹೋಮ್ ಶುಲ್ಕ ಕಳೆದುಕೊಳ್ಳುತ್ತದೆ. ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಈಗಾಗಲೇ ಇಲ್ಲಿರುವವರನ್ನು ಹೊಸ ನಿಯಮದಿಂದ ಹೊರಗಿಡುವುದರ ಪರ ನೀವಿದ್ದೀರಾ, ಹೌದೋ ಅಲ್ಲವೋ?