ಸಹಾಯ ಬೇಕು: ಡೇಟಾಲಾಗ್‌ನಲ್ಲಿ ಲೆಫ್ಟ್ ಜಾಯಿನ್ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಸ್‌ಕ್ಯೂಎಲ್‌ನಲ್ಲಿರುವ (ಡೇಟಾಬೇಸ್ ಪ್ರಶ್ನಿಸುವ ಭಾಷೆ) ಒಂದು ವರದಿಯನ್ನು ಡೇಟಾಲಾಗ್‌ಗೆ (ತರ್ಕದ ನಿಯಮಗಳಾಗಿ ಪ್ರಶ್ನೆ ಬರೆಯುವ ಭಾಷೆ) ತರುತ್ತಿದ್ದೇನೆ. ಲೆಫ್ಟ್ ಜಾಯಿನ್, ಅಂದರೆ ಎರಡನೆಯ ಕೋಷ್ಟಕದಲ್ಲಿ ಜೋಡಿ ಸಿಗದಿದ್ದರೂ ಮೊದಲನೆಯದರ ಎಲ್ಲ ಸಾಲುಗಳನ್ನು ಉಳಿಸುವ ಜೋಡಣೆ, ಬರುವಲ್ಲಿ ಕೆಲಸ ನಿಂತಿದೆ. ‘ಉದ್ಯೋಗಿ(ಗುರುತು, ಹೆಸರು)’ ಮತ್ತು ‘ಫೋನ್(ಗುರುತು, ಸಂಖ್ಯೆ)’ ಎಂಬ ಎರಡು ಸಂಬಂಧಗಳಿದ್ದು (ಡೇಟಾಲಾಗ್‌ನ ಕೋಷ್ಟಕಗಳು), ಫೋನ್ ಇಲ್ಲದ ಉದ್ಯೋಗಿಯೂ ಫಲಿತಾಂಶದಲ್ಲಿ ಉಳಿಯಬೇಕು. ಎರಡನ್ನೂ ಒಂದೇ ನಿಯಮದಲ್ಲಿ ಸೇರಿಸಿದರೆ ಅದು ಎರಡೂ ಕಡೆ ಇರುವವರನ್ನು ಮಾತ್ರ ಉಳಿಸುವ ಇನ್ನರ್ ಜಾಯಿನ್ ಆಗಿಬಿಡುತ್ತದೆ.

ಆದ್ದರಿಂದ ಫೋನ್ ಇರುವವರಿಗೆ ಒಂದು ನಿಯಮವನ್ನೂ, ಇಲ್ಲದವರಿಗೆ ನಿಷೇಧ (‘ಇದು ಇಲ್ಲ’ ಎಂಬ ಷರತ್ತು) ಬಳಸಿದ ಇನ್ನೊಂದು ನಿಯಮವನ್ನೂ ಬರೆದೆ. ನಿಷೇಧದೊಳಗೆ ಮಾತ್ರ ಕಾಣಿಸುವ ವೇರಿಯಬಲ್‌ನಿಂದ ನಿಯಮ ಅಸುರಕ್ಷಿತವಾಗುವುದರಿಂದ (ಆ ವೇರಿಯಬಲ್‌ನ ಮೌಲ್ಯ ಯಾವ ಸಂಬಂಧದಿಂದಲೂ ಸಿಗುವುದಿಲ್ಲ), ‘ಫೋನ್_ಇದೆ(ಗುರುತು)’ ಎಂಬ ಸಹಾಯಕ ಸಂಬಂಧವನ್ನು ಮೊದಲು ಪಡೆದು ಅದನ್ನೇ ನಿಷೇಧಿಸಿದ್ದೇನೆ. ವಿಳಾಸ, ಇಮೇಲ್‌ಗಳೂ ಐಚ್ಛಿಕವಾದಾಗ ಇರುವ-ಇಲ್ಲದ ಸಂಯೋಜನೆಗಳು 8 ಆಗುತ್ತವೆ. ಫೋನ್, ವಿಳಾಸ, ಇಮೇಲ್ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪೂರ್ಣಗೊಳಿಸಿ ಕೊನೆಗೆ ಜೋಡಿಸಿದ್ದರಿಂದ ಆ ತೊಡಕು ತಪ್ಪಿತು. ಇಲ್ಲಿಯವರೆಗೆ ಎಲ್ಲವೂ ಸರಿ.

ಗೊಂದಲವಿರುವುದು ಖಾಲಿ ಜಾಗದಲ್ಲಿ ಏನಿಡಬೇಕೆಂಬುದರಲ್ಲಿ. ಶುದ್ಧ ಡೇಟಾಲಾಗ್‌ನಲ್ಲಿ ನಲ್ (ಎಸ್‌ಕ್ಯೂಎಲ್‌ನಲ್ಲಿ ‘ಮೌಲ್ಯವಿಲ್ಲ’ ಎಂಬ ಸೂಚಕ) ಇಲ್ಲ. ಅದರ ಬದಲು -1 ಇಟ್ಟರೆ, ಮುಂದೆ ಸಂಖ್ಯೆಯ ಮೇಲೆ ಜೋಡಿಸುವಾಗ ಫೋನ್ ಇಲ್ಲದ ಇಬ್ಬರು ಉದ್ಯೋಗಿಗಳು ಒಂದೇ ಫೋನ್ ಹಂಚಿಕೊಂಡವರಂತೆ ಹೊಂದಿಕೊಳ್ಳುತ್ತಾರೆ; ಎಸ್‌ಕ್ಯೂಎಲ್‌ನಲ್ಲಿ ಎರಡು ನಲ್‌ಗಳು ಸಮವೆಂದು ಪರಿಗಣಿತವಾಗದ ಕಾರಣ ಈ ಸಮಸ್ಯೆ ಬರುವುದಿಲ್ಲ. ಇಲ್ಲದವರನ್ನು ಬೇರೆ ಸಂಬಂಧದಲ್ಲಿಯೇ ಇಟ್ಟರೆ ತರ್ಕ ಶುದ್ಧವಾಗಿರುತ್ತದೆ, ಆದರೆ ಮುಂದಿನ ಪ್ರತಿ ನಿಯಮವನ್ನೂ ಎರಡು ಬಾರಿ ಬರೆಯಬೇಕಾಗುತ್ತದೆ.

ನನ್ನ ಪ್ರಶ್ನೆ ಇಷ್ಟು: ಫಲಿತಾಂಶವನ್ನು ಮತ್ತೆ ಬೇರೆ ನಿಯಮಗಳಲ್ಲಿ ಬಳಸಬೇಕಾದಾಗ, ಬದಲಿ ಮೌಲ್ಯವನ್ನಿಟ್ಟು ಪ್ರತಿ ಜೋಡಣೆಯಲ್ಲೂ ಅದನ್ನು ಹೊರಗಿಡುವುದು ಸರಿಯೇ, ಅಥವಾ ಸಂಬಂಧಗಳನ್ನು ಕೊನೆಯವರೆಗೂ ಬೇರೆಯಾಗಿಟ್ಟು ವರದಿಯ ಹಂತದಲ್ಲಿ ಮಾತ್ರ ಸೇರಿಸುವುದು ಸರಿಯೇ? ಇದನ್ನು ಮಾಡಿದವರು ದಯವಿಟ್ಟು ಕಾರಣಸಹಿತ ತಿಳಿಸಿ.