ಸಹಾಯ ಬೇಕು: ಆಯಿಯನ್ನು ಕೇದಾರನಾಥಕ್ಕೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ನಾವು ಕುಮಟಾದವರು. ಆಯಿಗೆ ಅರವತ್ತು ದಾಟಿದೆ. ಕೇದಾರನ ದರ್ಶನ ಅವಳ ಬಹಳ ವರ್ಷದ ಆಸೆ. ದೀಪಾವಳಿ ಆದ ಕೂಡಲೇ ಬಾಗಿಲು ಹಾಕುತ್ತಾರಲ್ವಾ, ಅದಕ್ಕೇ ನವರಾತ್ರಿ ಮುಗಿಸಿ ಹೊರಡುವ ಯೋಚನೆ. ಕಾರವಾರದಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಯ ನಿಜಾಮುದ್ದೀನ್, ಅಲ್ಲಿಂದ ಹರಿದ್ವಾರ. ಯಾತ್ರೆಯ ನೋಂದಣಿ ಆನ್‌ಲೈನ್‌ನಲ್ಲಿ ನಾನೇ ಮಾಡುತ್ತೇನೆ.

ಚಿಂತೆ ಇರುವುದು ನಡಿಗೆ ಶುರುವಾಗುವ ಗೌರಿಕುಂಡದಿಂದ ಮೇಲಕ್ಕೆ. 2013ರ ಪ್ರವಾಹದಲ್ಲಿ ರಾಮಬಾಡಾ ಕಡೆಯ ಹಳೇ ದಾರಿ ಕೊಚ್ಚಿಹೋಗಿ, ಈಗ ನಡಿಗೆ 16 ಕಿ.ಮೀ.ಗೆ ಕಮ್ಮಿ ಇಲ್ಲ. ದೇವಸ್ಥಾನ ಇರುವುದು 3,500 ಮೀಟರಿಗಿಂತ ಎತ್ತರದಲ್ಲಿ. ನಾವೋ ಕಡಲ ಮಟ್ಟದಲ್ಲೇ ಬದುಕಿದವರು. ಯಾಣದ ಮೆಟ್ಟಿಲನ್ನು ಆಯಿ ಈಗಲೂ ಹತ್ತುತ್ತಾಳೆ. ಇಳಿಯುವಾಗ ಮಾತ್ರ ಮಂಡಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಬಿಪಿ ಮಾತ್ರೆಯೂ ಇದೆ. ಡಾಕ್ಟರ ಹತ್ತಿರ ತೋರಿಸಿಯೇ ಹೊರಡುತ್ತೇವೆ.

ಹೋಗಿ ಬಂದವರು ಹೇಳಿ: ಎತ್ತರಕ್ಕೆ ಮೈ ಒಗ್ಗಲು ದಾರಿಯಲ್ಲಿ ಸಿಗುವ ಗುಪ್ತಕಾಶಿಯಲ್ಲಿ ಎರಡು ರಾತ್ರಿ ಉಳಿದರೆ ಸಾಕಾ? ಹತ್ತುವಾಗ ನಡೆದು, ಇಳಿಯುವಾಗ ಮಾತ್ರ ಡೋಲಿ ಮಾಡಬಹುದಾ? ಕುದುರೆ ಬೇಡವೇ ಬೇಡ, ಅವಳಿಗೆ ಹೆದರಿಕೆ. ಹೆಲಿಕಾಪ್ಟರ್‌ನಲ್ಲಿ ಒಮ್ಮೆಲೇ ಅಷ್ಟು ಮೇಲೆ ಹೋದರೆ ಉಸಿರಿಗೆ ತೊಂದರೆ ಆಗುತ್ತದಾ?

ಅಲ್ಲಿನ ರಾವಲರು, ಅಂದರೆ ಮುಖ್ಯ ಅರ್ಚಕರು, ನಮ್ಮ ಕರ್ನಾಟಕದ ವೀರಶೈವ ಪರಂಪರೆಯವರು ಎಂದು ಕೇಳಿ ಆಯಿಗೆ ಅರ್ಧ ಧೈರ್ಯ ಬಂದಿದೆ. ಮೇಲೆ ರಾತ್ರಿ ಉಳಿಯಲು ಬೆಚ್ಚಗಿನ ಜಾಗ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಎಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ. ವಯಸ್ಸಾದವರನ್ನು ಕರೆದುಕೊಂಡು ಹೋದವರ ಅನುಭವ ಇದ್ದರೆ ಇನ್ನೂ ಉಪಕಾರ.