12345654321: ಇಂಥ ಸಂಖ್ಯೆಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗೆ ನೀವು ಯಾವ ಪದ ಬಳಸುತ್ತೀರಿ? ಮೊನ್ನೆ ಮಗಳಿಗೆ 12345654321 ಬರೆದು ತೋರಿಸಿದೆ. "ಇದಕ್ಕೆ ಹೆಸರೇನಪ್ಪಾ?" ಅಂದಳು. ಪ್ಯಾಲಿಂಡ್ರೋಮ್ ಅಂತ ಹೇಳಿದೆ, ಆದರೆ ಮನಸ್ಸು ಒಪ್ಪಲಿಲ್ಲ.

ಕನಕ, ನಯನ, ವಿಕಟಕವಿ ಇಂಥ ಮಾತುಗಳಿಗೆ ಚಿತ್ರಕವಿತ್ವದಲ್ಲಿ, ಅಂದರೆ ಅಕ್ಷರಗಳ ಆಟವಾಡುವ ಕಾವ್ಯದಲ್ಲಿ, 'ಗತಪ್ರತ್ಯಾಗತ' ಎಂಬ ಹೆಸರಿದೆ. ಹೋಗಿ ಮರಳಿ ಬಂದದ್ದು ಅಂತ ಅರ್ಥ. ಚೆನ್ನಾಗಿದೆ, ಆದರೆ ಮಕ್ಕಳ ನಾಲಿಗೆಗೆ ಭಾರ. 'ಹಿಂದುಮುಂದು ಸಂಖ್ಯೆ' ಅನ್ನೋಣವೆಂದರೆ, ಹಿಂದುಮುಂದಾಯಿತು ಅಂದರೆ ಕ್ರಮ ತಪ್ಪಿತು ಅಂತಲೇ ಅಲ್ವಾ? ಇಲ್ಲಿ ತಿರುಗಿಸಿದರೂ ಏನೂ ತಪ್ಪುವುದಿಲ್ಲ.

ಆಗ ಗಣಿತಜ್ಞ ಮಹಾವೀರಾಚಾರ್ಯ ನೆನಪಾದ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದವನು. ತನ್ನ 'ಗಣಿತಸಾರಸಂಗ್ರಹ'ದ ಗುಣಾಕಾರದ ಲೆಕ್ಕಗಳಲ್ಲಿ ಇಂಥ ಉತ್ತರಗಳನ್ನೇ ಆರಿಸಿ ಇಟ್ಟಿದ್ದಾನೆ. 139 × 109 = 15151. 152207 × 73 = 11111111. ಇಂಥವನ್ನು ಅವನು ಕೊರಳ ಒಡವೆಗೆ ಹೋಲಿಸುತ್ತಾನೆ. ನಮ್ಮ 12345654321 ಕೂಡ ಅಲ್ಲೇ ಇದೆ: 27994681 × 441. ಒಂದರಿಂದ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಅಂತ ಅದನ್ನು ಬಣ್ಣಿಸಿದ್ದಾನೆ.

ಈ ಲೆಕ್ಕವನ್ನು ಬಿಡಿಸಿ ನೋಡಿದಾಗ ನನಗೆ ರೋಮಾಂಚನವಾಯಿತು. 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ. 21 × 5291 = 111111. ಅಂದರೆ ಇದು 111111ರ ವರ್ಗವೇ! ಕಾಗದದ ಮೇಲೆ ಗುಣಿಸಿ ನೋಡಿ. 111111 ಆರು ಸಾಲು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಜರುಗುತ್ತದೆ. ಬಲತುದಿಯ ಮನೆಯಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಒಂದೊಂದೇ ಕಡಿಮೆ. ಯಾವ ಮನೆಯಲ್ಲೂ ಹತ್ತು ಆಗದ್ದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ, ಸರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ: 12345678987654321. ಹತ್ತು ಒಂದುಗಳ ವರ್ಗ ಮಾತ್ರ 1234567900987654321. ಅಲ್ಲಿ ದಾರ ಹರಿಯಿತು.

ಗುಂಡಿನ ಸರದಲ್ಲಿ ತುದಿಗೆ ಸಣ್ಣ ಗುಂಡು, ನಡುವೆ ದಪ್ಪದ್ದು ಇರುತ್ತದಲ್ಲ, ಥೇಟ್ ಹಾಗೆ. ಅದಕ್ಕೇ 'ಸರಸಂಖ್ಯೆ' ಅಥವಾ 'ಕಂಠಿಸಂಖ್ಯೆ' ಅನ್ನಬಹುದೇ ಅಂತ ನನ್ನ ಪ್ರಶ್ನೆ. 'ಹಾರಸಂಖ್ಯೆ' ಬೇಡ ಅನಿಸುತ್ತದೆ. ಹಳೆಯ ಗಣಿತದಲ್ಲಿ ಹಾರ ಅಂದರೆ ಭಾಗಿಸುವ ಸಂಖ್ಯೆ, ಸುಮ್ನೆ ಗೊಂದಲ. 'ಸರಸಂಖ್ಯೆ'ಗೆ ನನ್ನ ಒಲವು ಜಾಸ್ತಿ. ಆದರೆ 15151, 11111111 ಇವುಗಳಲ್ಲಿ ಏರಿಳಿತದ ಸೊಗಸಿಲ್ಲ. ಅವಕ್ಕೂ ಅದೇ ಹೆಸರು ಹೊಂದುತ್ತದೆಯೇ, ಅಥವಾ ನಡುವೆ ದಪ್ಪವಾಗುವ ಸರಕ್ಕೆ ನಿಮ್ಮ ಕಡೆ ಬೇರೆಯೇ ಹೆಸರಿದೆಯೇ? ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.